ಉಣ್ಣೆ ಒಂದೇ, ಔಷಧಿ ಬೇರೆ ಬೇರೆ

(ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೈನುಗಾರರ ಮುಂದೆ ಪಶುವೈದ್ಯನಾಗಿ ನಾನು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಾನು ಒಳಗೆ ಬರುವಾಗಲೇ ಹಿರಿಯರೊಬ್ಬರು ಕೇಳಿದರು: "ಡಾಕ್ಟ್ರೇ, ಉಣ್ಣೆ ಕಚ್ಚಿದ್ರೆ ಯಾವ ಆಂಟಿಬಯಾಟಿಕ್ ತಗೋಬೇಕು, ಅದೊಂದು ಹೇಳಿಬಿಡಿ, ಸಾಕು." ಅಷ್ಟು ಸುಲಭವಾಗಿದ್ದರೆ ನಾನು ಮಾತ್ರೆಯ ಹೆಸರು ಬೋರ್ಡಿನ ಮೇಲೆ ಬರೆದು, ಕಾಫಿ ಕುಡಿದು ಹೊರಡುತ್ತಿದ್ದೆ. ಆದರೆ ಆ ಪ್ರಶ್ನೆಗೆ ಒಂದೇ ಉತ್ತರ ಇಲ್ಲ.

ಉಣ್ಣೆ ಕುಡಿಯುವುದು ರಕ್ತ. ಕುಡಿಯುವಾಗ ಅದರ ಜೊಲ್ಲು ನಮ್ಮ ಮೈಗೆ, ದನದ ಮೈಗೆ, ನಾಯಿಯ ಮೈಗೆ ಇಳಿಯುತ್ತದೆ. ಆ ಜೊಲ್ಲಿನಲ್ಲಿ ವೈರಸ್ ಇರಬಹುದು. ಬ್ಯಾಕ್ಟೀರಿಯಾ ಇರಬಹುದು. ಮಲೇರಿಯಾದ ಜಾತಿಗೆ ಹತ್ತಿರದ, ಒಂದೇ ಕೋಶದ ಪರಾವಲಂಬಿ ಇರಬಹುದು. ಬಹಳಷ್ಟು ಸಲ ಏನೂ ಇರುವುದಿಲ್ಲ, ಸುಮ್ನೆ ತುರಿಕೆ ಅಷ್ಟೇ. ಆಂಟಿಬಯಾಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ಹಾಗಾಗಿ ಕಚ್ಚಿದ್ದು ಉಣ್ಣೆ ಅನ್ನುವುದಷ್ಟೇ ಗೊತ್ತಿದ್ದರೆ ಔಷಧಿ ಆರಿಸಲು ಬರುವುದಿಲ್ಲ. ಅದು ಏನನ್ನು ಬಿಟ್ಟು ಹೋಯಿತು ಅನ್ನುವುದು ಗೊತ್ತಾಗಬೇಕು.

ನಮ್ಮ ಊರಿನ ಕಾಯಿಲೆಯಿಂದಲೇ ಶುರು ಮಾಡೋಣ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರ ಬಂದು ಮಲಗಿದರು. ಮಂಗ ಸಾಯುವುದನ್ನು ನೋಡಿ, ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇನೋ ಎಂದು ವಿಜ್ಞಾನಿಗಳು ಹೆದರಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹುಡುಕಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದನ್ನು ಹೊತ್ತು ತಿರುಗುತ್ತಿದ್ದದ್ದು ಹಿಮಾಫಿಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣ್ಣೆ. ನಾವು ಮಂಗನ ಕಾಯಿಲೆ ಅಂತೇವೆ, ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ.

ಅದರ ಹೊತ್ತು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಡಿಸೆಂಬರ್‌ನಿಂದ ಮೇ ತನಕ. ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸುವ ಕಾಲ, ಸೊಪ್ಪಿನ ಬೆಟ್ಟಕ್ಕೆ ಹೋಗುವ ಕಾಲ. ಆಗ ನೆಲದ ಎಲೆಗಳ ನಡುವೆ ಇರುವುದು ಮರಿ ಉಣ್ಣೆ, ಅಂದರೆ ಉಣುಗು. ಕಣ್ಣಿಗೆ ಬೀಳುವುದೇ ಕಷ್ಟ. ಹತ್ತಿದ್ದು ಗೊತ್ತಾಗುವ ಹೊತ್ತಿಗೆ ಕಚ್ಚಿ ಆಗಿರುತ್ತದೆ. ಇದ್ದಕ್ಕಿದ್ದಂತೆ ಜ್ವರ, ತಡೆಯಲಾರದ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ನೋವು. ಕೆಲವರಿಗೆ ಒಸಡಿನಿಂದ, ಮೂಗಿನಿಂದ ರಕ್ತ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು ಮೆದುಳಿಗೆ ತೊಂದರೆ ಕೊಡುತ್ತದೆ. ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ.

ಇದಕ್ಕೆ ಆಂಟಿಬಯಾಟಿಕ್ ಇಲ್ಲ. ಈ ವೈರಸ್ಸನ್ನೇ ಕೊಲ್ಲುವ ಬೇರೆ ಔಷಧಿಯೂ ಇಲ್ಲ. ಆಸ್ಪತ್ರೆಯಲ್ಲಿ ಮಾಡುವುದು ಆರೈಕೆ: ಡ್ರಿಪ್, ಜ್ವರಕ್ಕೆ ಪ್ಯಾರಾಸಿಟಮಾಲ್, ಬೇಕಾದರೆ ರಕ್ತ, ಪ್ಲೇಟ್‌ಲೆಟ್. ಆಸ್ಪಿರಿನ್, ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಮಾತ್ರ ನುಂಗಬೇಡಿ, ರಕ್ತಸ್ರಾವ ಹೆಚ್ಚುತ್ತದೆ. ದಶಕಗಳ ಕಾಲ ಕೊಟ್ಟ ಲಸಿಕೆಯನ್ನು ಕಸುವು ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆ ಕೈಗೆ ಬರುವ ತನಕ ಉಣ್ಣೆ ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ, ಉದ್ದ ತೋಳಿನ ಅಂಗಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಇಷ್ಟೇ ನಮ್ಮ ಕೈಲಿರುವುದು. ತೋಟಕ್ಕೆ ಮಂಗ ಬಂತು ಅಂತ ಯಾರಾದರೂ ಬೋರ್ಡೋ ದ್ರಾವಣ ಹೊಡೆಯುತ್ತಾರಾ? ಬೋರ್ಡೋ ಒಳ್ಳೆಯ ಔಷಧಿಯೇ, ಆದರೆ ಅದು ಅಡಿಕೆಯ ಕೊಳೆರೋಗಕ್ಕೆ. ಮಂಗನ ಕಾಯಿಲೆಗೆ ಮೆಡಿಕಲ್ ಶಾಪಿನಿಂದ ಡಾಕ್ಸಿಸೈಕ್ಲಿನ್ ತಂದು ನುಂಗುವುದೂ ಹಾಗೆಯೇ.

ಇಲ್ಲೊಂದು ಮಾತು ಸೇರಿಸಬೇಕು, ಇಲ್ಲದಿದ್ದರೆ ನಾಳೆ ನೀವು ಆಸ್ಪತ್ರೆಯಲ್ಲಿ ಜಗಳ ತೆಗೆಯುತ್ತೀರಿ. ಜ್ವರದ ರೋಗಿಗೆ ಕೆಎಫ್‌ಡಿ ಪರೀಕ್ಷೆಯ ರಕ್ತ ಶಿವಮೊಗ್ಗಕ್ಕೆ ಕಳಿಸಿ, ವರದಿ ಬರುವ ಮೊದಲೇ ವೈದ್ಯರು ಡಾಕ್ಸಿಸೈಕ್ಲಿನ್ ಶುರು ಮಾಡಿದರೆ ಅದು ತಪ್ಪಲ್ಲ. ಇದೇ ಮಲೆನಾಡಿನಲ್ಲಿ ಇಲಿ ಜ್ವರ ಇದೆ, ನುಸಿಯಿಂದ ಬರುವ ಸ್ಕ್ರಬ್ ಟೈಫಸ್ ಇದೆ. ಎರಡೂ ಬ್ಯಾಕ್ಟೀರಿಯಾ, ಎರಡಕ್ಕೂ ಡಾಕ್ಸಿ ಕೆಲಸ ಮಾಡುತ್ತದೆ. ಮೊದಲ ದಿನ ಎಲ್ಲ ಜ್ವರವೂ ಒಂದೇ ತರಹ ಕಾಣುತ್ತದೆ. ಕಾದು ಕೂತರೆ ಟೈಫಸ್ ರೋಗಿ ಕೈತಪ್ಪಬಹುದು. ಅದು ವೈದ್ಯರ ಲೆಕ್ಕಾಚಾರ. ಅವರು ರೋಗಿಯನ್ನು ನೋಡಿ ಹಾಕುವ ಲೆಕ್ಕ, ನಾವು ವಾಟ್ಸಾಪ್ ನೋಡಿ ಹಾಕುವುದಲ್ಲ.

ವಾಟ್ಸಾಪ್ ಅಂದೆ. "ಉಣ್ಣೆ ಕಚ್ಚಿ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ಒಂದೇ ಸಲ ನುಂಗಿದರೆ ರೋಗ ಬರುವುದಿಲ್ಲ" ಅನ್ನುವ ಸಂದೇಶ ನಿಮ್ಮಲ್ಲಿ ಕೆಲವರಿಗೆ ಬಂದಿರಬಹುದು. ಅದು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್ ಎಂಬ ಊರಿನಲ್ಲಿ 1975ರ ಹೊತ್ತಿಗೆ ಮಕ್ಕಳಿಗೆ ಕೀಲು ಬಾವು ಬರತೊಡಗಿತು. 1980ರ ದಶಕದ ಆರಂಭದಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣ್ಣೆಯ ಹೊಟ್ಟೆಯಲ್ಲಿ ಸುರುಳಿ ಆಕಾರದ ಬ್ಯಾಕ್ಟೀರಿಯಾ ಕಂಡುಹಿಡಿದರು. ಅದೇ ಲೈಮ್ ರೋಗದ ಮೂಲ. ಆ ಒಂದು ಡೋಸಿನ ಲೆಕ್ಕ ಆ ರೋಗಕ್ಕೆ, ಆ ಜಾತಿಯ ಉಣ್ಣೆಗೆ, ಅದೂ 36 ಗಂಟೆಗಿಂತ ಜಾಸ್ತಿ ಮೈಗೆ ಅಂಟಿಕೊಂಡಿದ್ದರೆ. ಅಮೆರಿಕದಲ್ಲಿರುವ ನಿಮ್ಮ ಮಗಳಿಗೆ ಅಲ್ಲಿನ ವೈದ್ಯರು ಆ ಮಾತ್ರೆ ಕೊಟ್ಟರೆ ಸರಿ. ಅವಳು ಫೋನಿನಲ್ಲಿ ಹೇಳಿದಳು ಅಂತ ಇಲ್ಲಿ ದರಕು ಗುಡಿಸಿ ಬಂದ ಅಮ್ಮ ಅದನ್ನು ನುಂಗಿ ನಿಶ್ಚಿಂತೆಯಿಂದ ಕೂತರೆ ಅಪಾಯ. ಜ್ವರ ಬಂದರೂ "ನಾನು ಮಾತ್ರೆ ತಗೊಂಡಿದ್ದೇನಲ್ಲ" ಅಂತ ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ.

ಈ ಡಾಕ್ಸಿಸೈಕ್ಲಿನ್ ಕುಟುಂಬದ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಉಣ್ಣೆ ತರುವ ಬ್ಯಾಕ್ಟೀರಿಯಾಗಳಿಗೆ ಮುಖ್ಯ ಔಷಧಿ ಇದೇ. ಇದು ಟೆಟ್ರಾಸೈಕ್ಲಿನ್ ಗುಂಪು. ಈ ಗುಂಪಿನ ಮೊದಲನೆಯದು ಆರಿಯೋಮೈಸಿನ್. ಅಮೆರಿಕದ ಮಿಸೌರಿಯ ಹೊಲವೊಂದರ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಬೆಂಜಮಿನ್ ಡಗ್ಗರ್ ಅದನ್ನು ತೆಗೆದರು. 1948ರಲ್ಲಿ ಅದು ಹೊರಗೆ ಬಂತು. ಆಗ ಲೆಡರ್ಲೆ ಕಂಪನಿಯ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ಅವರು ತೀರಿಕೊಂಡರು. ನಮ್ಮ ಪಠ್ಯಪುಸ್ತಕಗಳು ಅವರನ್ನು ಇನ್ನೂ ಸ್ವಲ್ಪ ಜಾಸ್ತಿ ನೆನೆಯಬಹುದಿತ್ತು ಅಂತ ನನ್ನ ಅನಿಸಿಕೆ. ಡಾಕ್ಸಿಸೈಕ್ಲಿನ್ ಬಂದದ್ದು ಆಮೇಲೆ, 1960ರ ದಶಕದಲ್ಲಿ.

ಯಾಕೆ ಇದೇ ಗುಂಪು? ಉಣ್ಣೆ ತರುವ ರಿಕೆಟ್ಸಿಯಾ, ಎರ್ಲಿಕಿಯಾ, ಅನಾಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾಗಳು ರಕ್ತದಲ್ಲಿ ಬಯಲಿಗೆ ಓಡಾಡುವುದಿಲ್ಲ. ನಮ್ಮ ಕೋಶಗಳ ಒಳಗೇ ಹೋಗಿ ಸೇರಿಕೊಳ್ಳುತ್ತವೆ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫ್ಟ್ರಿಯಾಕ್ಸೋನ್ ಇವುಗಳ ಮೇಲೆ ಕೆಲಸ ಮಾಡುವುದಿಲ್ಲ. ಟೆಟ್ರಾಸೈಕ್ಲಿನ್ ಕೋಶದೊಳಗೆ ನುಗ್ಗಿ, ಬ್ಯಾಕ್ಟೀರಿಯಾ ಪ್ರೋಟೀನ್ ತಯಾರಿಸುವುದನ್ನೇ ನಿಲ್ಲಿಸುತ್ತದೆ. ಸಲ್ಫಾ ಮಾತ್ರೆಯಂತೂ ರಿಕೆಟ್ಸಿಯಾ ರೋಗವನ್ನು ಇನ್ನಷ್ಟು ಕೆಡಿಸುತ್ತದೆ. ಹಾಗಾಗಿ "ಯಾವುದೋ ಒಂದು ಆಂಟಿಬಯಾಟಿಕ್ ಕೊಡಿ" ಅಂತ ಅಂಗಡಿಯಲ್ಲಿ ಕೇಳಬೇಡಿ.

ರಿಕೆಟ್ಸಿಯಾ ನಮ್ಮ ದೇಶದಲ್ಲೂ ಇದೆ. ಇಂಡಿಯನ್ ಟಿಕ್ ಟೈಫಸ್ ಅಂತ ಕರೆಯುತ್ತಾರೆ. ಮಗುವಿಗೆ ಜ್ವರ ಬಿಡುವುದಿಲ್ಲ, ನಾಲ್ಕಾರು ದಿನದಲ್ಲಿ ಕೆಂಪು ಗುಳ್ಳೆ, ಅಂಗೈ ಅಂಗಾಲಿನಲ್ಲೂ. ಅಂಗೈ ಅಂಗಾಲಿಗೆ ಗುಳ್ಳೆ ಬಂತು ಅಂದರೆ ವೈದ್ಯರಿಗೆ ತೋರಿಸುವಾಗ ಉಣ್ಣೆಯ ಮಾತನ್ನು, ಮನೆಯ ನಾಯಿಯ ಮಾತನ್ನು ನೀವೇ ಎತ್ತಿ. ಡಾಕ್ಸಿ ಕೊಟ್ಟರೆ ಮಗುವಿನ ಹಲ್ಲು ಹಳದಿಯಾಗುತ್ತದೆ ಎಂಬ ಹೆದರಿಕೆ ಹಳೆಯ ಟೆಟ್ರಾಸೈಕ್ಲಿನ್ ಕಾಲದ್ದು. ಕೆಲವು ದಿನಗಳ ಡಾಕ್ಸಿಯಿಂದ ಹಾಗೆ ಆಗುವುದಿಲ್ಲ ಅಂತ ಈಗ ಗೊತ್ತಾಗಿದೆ. ಈ ರೋಗಗಳಲ್ಲಿ ಮೊದಲ ಐದು ದಿನದೊಳಗೆ ಔಷಧಿ ಬಿದ್ದರೆ ಫಲ ಜಾಸ್ತಿ. ಹಲ್ಲಿನ ಚಿಂತೆಯಲ್ಲಿ ಆ ದಿನಗಳನ್ನು ಕಳೆಯಬಾರದು.

ಇನ್ನು ನನ್ನ ಇಲಾಖೆಗೆ ಬರುತ್ತೇನೆ. ನಾಯಿ.

ಜರ್ಮನ್ ಶೆಫರ್ಡ್ ಮೂರು ದಿನದಿಂದ ಊಟ ಬಿಟ್ಟಿದೆ, ಮೈ ಬಿಸಿ, ಒಸಡು ಬಿಳಿಚಿದೆ, ಇವತ್ತು ಬೆಳಿಗ್ಗೆ ಮೂಗಿನಿಂದ ರಕ್ತ. ಇಂಥ ನಾಯಿ ಬಂದರೆ ನಾನು ಮೊದಲು ನೋಡುವುದು ಕಿವಿಯೊಳಗೆ, ಬೆರಳ ಸಂದಿಯಲ್ಲಿ. ಕಂದು ಬಣ್ಣದ ನಾಯಿ ಉಣ್ಣೆ ಅಲ್ಲಿರುತ್ತದೆ. ಅದು ತರುವುದು ಎರ್ಲಿಕಿಯಾ ಕೇನಿಸ್. 1935ರಲ್ಲಿ ಅಲ್ಜೀರಿಯಾದಲ್ಲಿ ಗುರುತಿಸಿದ ಈ ರೋಗವನ್ನು ದೊಡ್ಡದಾಗಿ ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೂರಾರು ಸೇನಾ ನಾಯಿಗಳು ರಕ್ತ ಸುರಿಸಿ ಸತ್ತ ಮೇಲೆ ಎಲ್ಲರಿಗೂ ಎಚ್ಚರವಾಯಿತು. ಅಲ್ಲಿದ್ದದ್ದೂ ಹೆಚ್ಚಾಗಿ ಜರ್ಮನ್ ಶೆಫರ್ಡ್‌ಗಳೇ. ಆ ತಳಿಗೆ ಈ ರೋಗ ಜೋರು.

ಇಲ್ಲಿ ಡಾಕ್ಸಿಸೈಕ್ಲಿನ್ ಅದ್ಭುತವಾಗಿ ಕೆಲಸ ಮಾಡುತ್ತದೆ. ಹೊಸದಾಗಿ ಬಂದ ರೋಗವಾದರೆ ಎರಡು ದಿನದಲ್ಲಿ ನಾಯಿ ಎದ್ದು ಬಾಲ ಆಡಿಸುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಕೊಡಬೇಕಾದ್ದು 28 ದಿನ. ನಾಯಿ ಎದ್ದಿತು ಅಂತ ಐದನೇ ದಿನಕ್ಕೆ ಮಾತ್ರೆಯ ಸ್ಟ್ರಿಪ್ ಕಪಾಟು ಸೇರುತ್ತದೆ. ಮೇಲೆ ನೋಡಲು ನಾಯಿ ಚೆನ್ನಾಗಿರುತ್ತದೆ, ಒಳಗೆ ರೋಗ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕೂತಿರಬಹುದು. ಕೊನೆಗೆ ಮೂಳೆಯ ಮಜ್ಜೆಯೇ ಬತ್ತಿ ಹೋದರೆ ಆಗ ಯಾವ ಡಾಕ್ಸಿಯೂ ಹೆಚ್ಚು ಉಪಯೋಗವಿಲ್ಲ. ಮಾತ್ರೆಯನ್ನು ಖಾಲಿ ಗಂಟಲಿಗೆ ಹಾಕಬೇಡಿ. ಅನ್ನದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ, ಇಲ್ಲದಿದ್ದರೆ ಅನ್ನನಾಳದಲ್ಲಿ ಸಿಕ್ಕಿ ಹುಣ್ಣು ಮಾಡುತ್ತದೆ. ಒಮ್ಮೆ ಗುಣವಾದ ನಾಯಿಗೆ ಇನ್ನೊಂದು ಉಣ್ಣೆ ಕಚ್ಚಿದರೆ ರೋಗ ಮತ್ತೆ ಬರುತ್ತದೆ. ಹಾಗಾಗಿ 28 ದಿನ ಮಾತ್ರೆ ಕೊಟ್ಟು, ಉಣ್ಣೆಯನ್ನು ಹಾಗೇ ಬಿಟ್ಟರೆ ದುಡ್ಡು ದಂಡ.

ದನದ ವಿಷಯ ಇದಕ್ಕಿಂತ ಗೋಜಲು. ಉಣ್ಣೆಯಿಂದ ಬರುವ ಮೂರು ಮುಖ್ಯ ರೋಗ, ಮೂರಕ್ಕೂ ಜ್ವರ ಮತ್ತು ರಕ್ತಹೀನತೆ, ಮೂರಕ್ಕೂ ಔಷಧಿ ಬೇರೆ.

ಹಸು ಕಾಫಿ ಬಣ್ಣದ ಮೂತ್ರ ಮಾಡಿತು ಅಂದರೆ ಬಬೇಸಿಯಾ ಇರಬಹುದು. ಕೆಂಪು ರಕ್ತಕಣಗಳು ರಕ್ತನಾಳದಲ್ಲೇ ಒಡೆದು ಬಣ್ಣ ಮೂತ್ರಕ್ಕೆ ಬರುತ್ತದೆ. ಅದು ಒಂದೇ ಕೋಶದ ಪರಾವಲಂಬಿ. ಡೈಮಿನಜೀನ್ ಚುಚ್ಚುಮದ್ದು ಬೇಕು, ಬೆರೆನಿಲ್ ಅಂತ ನಿಮಗೆ ಗೊತ್ತಿರುವುದು ಅದೇ. ಈ ರೋಗಕ್ಕೆ ಚರಿತ್ರೆಯಲ್ಲಿ ದೊಡ್ಡ ಜಾಗ ಇದೆ. ಅಮೆರಿಕದ ಟೆಕ್ಸಾಸ್ ಜ್ವರ ಉಣ್ಣೆಯಿಂದ ಹರಡುತ್ತದೆ ಅಂತ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ತೋರಿಸಿಕೊಟ್ಟರು. ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯಾ ಕಂಡದ್ದು 1897ರಲ್ಲಿ. ಅಂದರೆ ಮಲೇರಿಯಾದ ಸೊಳ್ಳೆಗಿಂತ ಮೊದಲು ಸಿಕ್ಕಿಬಿದ್ದದ್ದು ಉಣ್ಣೆ, ಅದೂ ದನದ ಡಾಕ್ಟರ ಕೆಲಸದಿಂದ. ಕಿಲ್ಬೋರ್ನ್ ಪಶುವೈದ್ಯ. ನಮ್ಮವರು ಇದನ್ನು ಹೇಳಿಕೊಳ್ಳುವುದು ಕಡಿಮೆ.

ಮೂತ್ರದ ಬಣ್ಣ ಸರಿಯಿದೆ, ಆದರೆ ಕಣ್ಣು ಹಳದಿ, ಸಗಣಿ ಗಟ್ಟಿ, ಹಸು ಸೊರಗಿದೆ ಅಂದರೆ ಅನಾಪ್ಲಾಸ್ಮಾ ನೆನಪಾಗಬೇಕು. ಇದು ಬ್ಯಾಕ್ಟೀರಿಯಾ. ಇಲ್ಲಿ ಆಕ್ಸಿಟೆಟ್ರಾಸೈಕ್ಲಿನ್ ಸರಿಯಾದ ಔಷಧಿ. ಒಂದೇ ಸೂಜಿಯಲ್ಲಿ ಸಾಲಾಗಿ ಹತ್ತು ದನಕ್ಕೆ ಚುಚ್ಚಿದರೂ ಈ ರೋಗ ದಾಟುತ್ತದೆ. ಯಾರಾದರೂ ಹಾಗೆ ಮಾಡುವುದು ಕಂಡರೆ ತಡೆಯಿರಿ, ಅವರು ಎಷ್ಟೇ ಪರಿಚಯದವರಿರಲಿ.

ಹೆಗಲ ಮುಂದೆ, ಕಿವಿಯ ಕೆಳಗೆ ಗಡ್ಡೆ ಊದಿ, ಜ್ವರ ಜೋರಾಗಿ, ಹಾಲು ಒಮ್ಮೆಲೇ ನಿಂತರೆ ಥೈಲೇರಿಯಾ. ಎಚ್‌ಎಫ್, ಜರ್ಸಿ ಮಿಶ್ರತಳಿಗಳಿಗೆ ಇದು ಬಹಳ ಕೆಟ್ಟದ್ದು. ಮಲೆನಾಡು ಗಿಡ್ಡದಂಥ ನಾಟಿ ದನ ತಡೆದುಕೊಳ್ಳುವುದು ಜಾಸ್ತಿ. ಇದಕ್ಕೆ ಬುಪಾರ್ವಕ್ವೋನ್ ಬೇಕು. ದುಬಾರಿ ಚುಚ್ಚುಮದ್ದು. ದುಬಾರಿ ಅಂತ "ಮೊದಲು ಆಕ್ಸಿ ಹಾಕಿ ನೋಡೋಣ" ಅಂದುಕೊಂಡು ಎರಡು ದಿನ ಕಳೆದರೆ ರಕ್ತ ಇಳಿದು ಹೋಗಿರುತ್ತದೆ. ಕಿವಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರನ್ನೂ ಬೇರೆ ಮಾಡಬಹುದು. ಚುಚ್ಚುಮದ್ದಿನ ಮೊದಲೇ ಆ ಹನಿ ತೆಗೆಯಬೇಕು. ನಿಮ್ಮ ಡಾಕ್ಟರು ಅವಸರದಲ್ಲಿದ್ದರೆ ನೀವೇ ನೆನಪಿಸಿ.

ಇಷ್ಟು ಹೊತ್ತು ನಾನು ಬ್ಯಾಕ್ಟೀರಿಯಾಕ್ಕೆ ಮಾತ್ರ ಆಂಟಿಬಯಾಟಿಕ್ ಅಂತ ಹೇಳುತ್ತಾ ಬಂದೆ. ಇದಕ್ಕೊಂದು ಅಪವಾದ ಇದೆ, ನನಗೆ ಬಹಳ ಇಷ್ಟದ್ದು. ನಾಯಿಗೆ ಬಬೇಸಿಯಾ ಗಿಬ್ಸೋನಿ ಎಂಬ ರೋಗ ಬರುತ್ತದೆ. 1910ರಲ್ಲಿ ಮದ್ರಾಸಿನ ಬೇಟೆ ನಾಯಿಗಳಲ್ಲಿ ಪ್ಯಾಟನ್ ಎಂಬುವರು ಮೊದಲು ಕಂಡದ್ದು, ಆಮೇಲೆ ನರಿಗಳಲ್ಲೂ ಸಿಕ್ಕಿತು. ಡೈಮಿನಜೀನ್ ಇದನ್ನು ಪೂರ್ತಿ ತೊಳೆಯಲಾರದು. ಕೊಡುವುದು ಅಟೊವಕ್ವೋನ್, ಜೊತೆಗೆ ಅಜಿತ್ರೋಮೈಸಿನ್. ಅಜಿತ್ರೋ ಅಂದರೆ ನಿಮ್ಮ ಗಂಟಲು ನೋವಿಗೆ ಕೊಡುವ ಅದೇ ಆಂಟಿಬಯಾಟಿಕ್. ಬ್ಯಾಕ್ಟೀರಿಯಾ ಅಲ್ಲದ ಜೀವಿಗೆ ಅದು ಹೇಗೆ ತಾಗುತ್ತದೆ? ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಪರಾವಲಂಬಿಗಳ ಪೂರ್ವಜ ಒಂದು ಪಾಚಿಯನ್ನು ನುಂಗಿತ್ತು. ಆ ಪಾಚಿಯ ಹಸಿರು ಭಾಗವಂತೂ ಬಹಳ ಹಿಂದೆ ಬ್ಯಾಕ್ಟೀರಿಯಾದಿಂದ ಬಂದದ್ದು. ಅದರ ಅವಶೇಷ ಇವತ್ತಿಗೂ ಬಬೇಸಿಯಾದ ಒಳಗೆ ಪುಟ್ಟ ಅಂಗವಾಗಿ ಉಳಿದಿದೆ. ಅದಿಲ್ಲದೆ ಅದು ಬದುಕುವುದಿಲ್ಲ. ಅಜಿತ್ರೋ ಹೊಡೆಯುವುದು ಆ ಅವಶೇಷಕ್ಕೆ. ಕೆಲಸ ನಿಧಾನ, ಅದಕ್ಕೇ ಇನ್ನೊಂದು ಔಷಧಿ ಜೊತೆಗೆ ಬೇಕು.

ಹಾಗಾದರೆ ಉಣ್ಣೆಯನ್ನೇ ಆಂಟಿಬಯಾಟಿಕ್‌ನಿಂದ ಹೊಡೆಯಬಹುದಾ? ಲ್ಯಾಬಿನಲ್ಲಿ ಪ್ರಯತ್ನಿಸಿದ್ದಾರೆ. ಉಣ್ಣೆಗೆ ಊಟ ರಕ್ತ ಒಂದೇ. ರಕ್ತದಲ್ಲಿ ಬಿ ವಿಟಮಿನ್ ಕಡಿಮೆ. ಆ ಕೊರತೆ ತುಂಬಿಸುವ ಬ್ಯಾಕ್ಟೀರಿಯಾಗಳು ಉಣ್ಣೆಯ ಮೈಯೊಳಗೇ ಬಾಡಿಗೆಯಿಲ್ಲದೆ ಇರುತ್ತವೆ. ಆಂಟಿಬಯಾಟಿಕ್ ಕೊಟ್ಟು ಅವನ್ನು ಕೊಂದರೆ ಉಣ್ಣೆಯ ಮೊಟ್ಟೆ, ಮರಿ ಕಡಿಮೆಯಾಗುತ್ತವೆ. ಕೇಳಲು ಚೆಂದ. ಆದರೆ ಕಚ್ಚಿರುವ ಉಣ್ಣೆ ಸಾಯುವುದಿಲ್ಲ, ಹಾಲಿನಲ್ಲಿ ಔಷಧಿ ಬರುತ್ತದೆ, ಕೊಟ್ಟಿಗೆಯ ಬ್ಯಾಕ್ಟೀರಿಯಾಗಳು ಔಷಧಿಗೆ ಜಗ್ಗದ ಹಾಗೆ ಬೆಳೆಯುತ್ತವೆ. ಆ ದಾರಿ ಬೇಡ.

ಉಣ್ಣೆಗೆ ಬೇಕಾದ್ದು ಉಣ್ಣೆಯ ಔಷಧಿ. ಡೆಲ್ಟಾಮೆಥ್ರಿನ್, ಅಮಿಟ್ರಾಜ್, ಫ್ಲುಮೆಥ್ರಿನ್. ನಾಯಿಗೆ ಈಗ ಫ್ಲುರಾಲನರ್‌ನಂಥ ಮಾತ್ರೆಗಳೂ ಬಂದಿವೆ. ದನದ ಸಾಮಾನ್ಯ ಉಣ್ಣೆ ಮರಿಯಿಂದ ಮುದಿಯ ತನಕ ಒಂದೇ ದನದ ಮೇಲೆ ಸುಮಾರು ಮೂರು ವಾರ ಇರುತ್ತದೆ. ಆಮೇಲೆ ಉದುರಿ ನೆಲದಲ್ಲಿ ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಹಾಗಾಗಿ ಒಂದೇ ಸಲ ಹೊಡೆದು ಕೈ ತೊಳೆದುಕೊಳ್ಳುವಂತಿಲ್ಲ. ಕಿವಿಯೊಳಗೆ, ಕೆಚ್ಚಲ ಸುತ್ತ, ಬಾಲದ ಬುಡದಲ್ಲಿ ತಾಗಬೇಕು. ಬಾಟಲಿಯ ಮೇಲಿನ ಅಳತೆಗಿಂತ ತೆಳ್ಳಗೆ ಮಾಡಿದರೆ ಗಟ್ಟಿ ಉಣ್ಣೆಗಳು ಉಳಿದು ಸಂತಾನ ಬೆಳೆಸುತ್ತವೆ. ನಮ್ಮ ದೇಶದಲ್ಲಿ ಡೆಲ್ಟಾಮೆಥ್ರಿನ್‌ಗೆ ಜಗ್ಗದ ದನದ ಉಣ್ಣೆ ಈಗಾಗಲೇ ಇದೆ. ನಾಯಿಯ ಉಣ್ಣೆಯಾದರೆ ಗೋಡೆಯ ಬಿರುಕು, ಮಂಚದ ಕೆಳಗೂ ನೋಡಿ. ನಾಯಿಯ ಮೈಮೇಲೆ ಕಾಣುವುದಕ್ಕಿಂತ ಅಲ್ಲಿರುವುದೇ ಜಾಸ್ತಿ.

ಈಗ ಪ್ರಶ್ನೆಗಳು.

"ಐವರ್‌ಮೆಕ್ಟಿನ್ ಆಂಟಿಬಯಾಟಿಕ್ ಅಲ್ವಾ ಸಾರ್?" ಅಂತ ಒಬ್ಬ ಯುವಕ ಕೇಳಿದ. ಅಲ್ಲ. ಅದೂ ಮಣ್ಣಿನ ಸೂಕ್ಷ್ಮಜೀವಿಯಿಂದಲೇ ಬಂದದ್ದು, ಜಪಾನಿನ ಮಣ್ಣಿನಿಂದ. ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ ಅದಕ್ಕಾಗಿ 2015ರಲ್ಲಿ ನೊಬೆಲ್ ಬಂತು. ಅದು ಹುಳು ಮತ್ತು ಉಣ್ಣೆಯ ನರಗಳ ಮೇಲೆ ಕೆಲಸ ಮಾಡುತ್ತದೆ, ಬ್ಯಾಕ್ಟೀರಿಯಾದ ಮೇಲಲ್ಲ. ಹಾಲು ಕೊಡುವ ಹಸುವಿಗೆ ಕೊಟ್ಟರೆ ವಾರಗಟ್ಟಲೆ ಹಾಲಿನಲ್ಲಿ ಬರುತ್ತದೆ. ಕಾಲೀ ಜಾತಿಯ ನಾಯಿಗಳಿಗೆ ವಿಷವಾಗಬಹುದು.

"ಮೈಗೆ ಹತ್ತಿದ ಉಣ್ಣೆಗೆ ಸೀಮೆಎಣ್ಣೆ ಹಾಕಿದ್ರೆ ಬಿಡುತ್ತಲ್ಲ?" ಹಾಕಬೇಡಿ. ಸುಡಲೂ ಬೇಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಉಗುರಿನಲ್ಲಿ ಒತ್ತಿ ಒಡೆಯುವ ಅಭ್ಯಾಸ ಬಿಡಿ, ಅದರ ರಸ ಕೈಗೆ ತಾಗಬಾರದು. ಕೈ, ಕಚ್ಚಿದ ಜಾಗ ಎರಡನ್ನೂ ಸೋಪಿನಲ್ಲಿ ತೊಳೆಯಿರಿ. ಕಚ್ಚಿದ ತಾರೀಕು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಎರಡು ವಾರದೊಳಗೆ ಜ್ವರ ಬಂದರೆ ಆ ತಾರೀಕು ವೈದ್ಯರಿಗೆ ಬೇಕಾಗುತ್ತದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ: "ಆಕ್ಸಿ ಹಾಕಿಸಿದ ಮೇಲೆ ನಮ್ಮನೆಯಲ್ಲಿ ಮೊಸರೇ ಹೆಪ್ಪಾಗಲಿಲ್ಲ. ಹಾಲು ಕೆಟ್ಟಿತ್ತಾ?" ಹಾಲು ಕೆಟ್ಟಿರಲಿಲ್ಲ ಅಕ್ಕ. ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ಹಾಲಿನಲ್ಲಿದ್ದ ಔಷಧಿ ನಿಮ್ಮ ಹೆಪ್ಪನ್ನೂ ಹೊಡೆಯಿತು. ಕಾಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಬಾಟಲಿಯ ಮೇಲೆ ಎಷ್ಟು ದಿನದ ಹಾಲು ಬಿಡಬೇಕು ಅಂತ ಬರೆದಿರುತ್ತದೆ. ಅಷ್ಟು ದಿನ ಡೈರಿಗೂ ಹಾಕಬೇಡಿ, ಮನೆಗೂ ಬಳಸಬೇಡಿ. ಚುಚ್ಚುವ ಮೊದಲೇ ಡಾಕ್ಟರ ಹತ್ತಿರ ಆ ದಿನದ ಲೆಕ್ಕ ಕೇಳಿಟ್ಟುಕೊಳ್ಳಿ.